ಕಟ್ ಮಾಡಿ ಪೇಸ್ಟ್ ಮಾಡಿದರೆ ಬ್ಯಾಕಪ್ ಆಯಿತೆ?

ಪ್ರಶ್ನೆ: ನಾನು ಶಿರಸಿ ಹತ್ತಿರದ ಹಳ್ಳಿಯವನು, ನಿವೃತ್ತ ಪ್ರೌಢಶಾಲಾ ಶಿಕ್ಷಕ. ಮನೆಯಲ್ಲಿ ಎಂಟು ವರ್ಷ ಹಳೆಯ ವಿಂಡೋಸ್ 10 ಕಂಪ್ಯೂಟರ್ ಇದೆ. ಮಕ್ಕಳ ಮದುವೆ, ಮೊಮ್ಮಗಳ ನಾಮಕರಣದ ಫೋಟೋಗಳು, ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ನನ್ನ ಲೇಖನಗಳು, ತೋಟದ ಲೆಕ್ಕ ಎಲ್ಲವೂ ಅದರಲ್ಲಿವೆ. ಬೆಂಗಳೂರಿನಲ್ಲಿರುವ ಮಗ 1 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಂದುಕೊಟ್ಟ. ಕಂಪ್ಯೂಟರ್‌ನಲ್ಲಿ ಜಾಗ ತುಂಬಿದ್ದರಿಂದ ಫೋಟೋಗಳನ್ನೆಲ್ಲ ಕಟ್ ಮಾಡಿ ಅದಕ್ಕೆ ಪೇಸ್ಟ್ ಮಾಡಿ ಬ್ಯಾಕಪ್ ಮಾಡಿಕೊಂಡಿದ್ದೇನೆ. ಉಳಿದವು ಡಿ ಡ್ರೈವ್‌ನಲ್ಲಿರುವುದರಿಂದ ಭಯವಿಲ್ಲ ಎಂದುಕೊಂಡಿದ್ದೇನೆ. ಡಿಸ್ಕನ್ನು ಸದಾ ಸಿಕ್ಕಿಸಿಯೇ ಇಡಿ ಎಂದು ರಿಪೇರಿಯವರು ಹೇಳುತ್ತಾರೆ. ಇದೆಲ್ಲ ಸರಿಯೆ? 1 ಟಿಬಿ ಡಿಸ್ಕ್ 931 ಜಿಬಿ ಮಾತ್ರ ತೋರಿಸುತ್ತಿದೆ, ಅಂಗಡಿಯಲ್ಲಿ ಮೋಸವಾಯಿತೆ? ಹಳೆಯ ಸಿಡಿಗಳೂ ಒಂದಿಷ್ಟು ಇವೆ, ಅವನ್ನು ಏನು ಮಾಡಲಿ?

ಉತ್ತರ: ಮಾಸ್ತರರೇ, ಸುಲಭದ್ದನ್ನು ಮೊದಲು ಮುಗಿಸಿಬಿಡುತ್ತೇನೆ. ಅಂಗಡಿಯವರು ಮೋಸ ಮಾಡಿಲ್ಲ. ಡಿಸ್ಕ್ ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಅವರ ಪ್ರಕಾರ 1 ಟಿಬಿ ಎಂದರೆ ಒಂದು ಲಕ್ಷ ಕೋಟಿ ಬೈಟ್. ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುತ್ತದೆ. ಒಂದು ಲಕ್ಷ ಕೋಟಿಯನ್ನು 1,024ರಿಂದ ಮೂರು ಸಲ ಭಾಗಿಸಿ ನೋಡಿ, 931 ಬರುತ್ತದೆ. ಎಣಿಕೆಯ ರೀತಿ ಬೇರೆ, ಜಾಗ ಅಷ್ಟೇ ಇದೆ.

ಇನ್ನು ಕಹಿಯಾದದ್ದು. ನಿಮ್ಮ ಫೋಟೋಗಳಿಗೆ ಈಗ ಬ್ಯಾಕಪ್ ಇಲ್ಲ. ಕಟ್ ಮಾಡಿ ಪೇಸ್ಟ್ ಮಾಡಿದಾಗ ಅವು ಮನೆ ಬದಲಿಸಿದವು, ಅಷ್ಟೇ. ಮೊದಲು ಕಂಪ್ಯೂಟರ್‌ನಲ್ಲಿ ಒಂದು ಪ್ರತಿ ಇತ್ತು, ಈಗ ಡಿಸ್ಕಿನಲ್ಲಿ ಒಂದು ಪ್ರತಿ ಇದೆ. ಕಣಜದ ಭತ್ತವನ್ನೆಲ್ಲ ಜಗಲಿಯ ಮೇಲಿನ ಚೀಲಕ್ಕೆ ಸುರಿದು, ಬೀಜಕ್ಕೆ ತೆಗೆದಿಟ್ಟೆ ಎಂದು ಯಾವ ರೈತನೂ ಹೇಳುವುದಿಲ್ಲ. ತಿನ್ನುವ ಭತ್ತ ಒಂದು ಕಡೆ, ಬೀಜದ ಭತ್ತ ಇನ್ನೊಂದು ಕಡೆ ಇದ್ದರೆ ಮಾತ್ರ ಆ ಮಾತಿಗೆ ಅರ್ಥ. ಒಂದೇ ಫೈಲ್ ಎರಡು ಬೇರೆ ಬೇರೆ ಡಿಸ್ಕಿನಲ್ಲಿ ಇರುವುದಕ್ಕೆ ಬ್ಯಾಕಪ್ ಎನ್ನುತ್ತಾರೆ. ಒಂದೇ ಕಡೆ ಇದ್ದರೆ, ಅದು ಎಷ್ಟು ದುಬಾರಿಯ ಡಿಸ್ಕ್ ಆದರೂ, ಆ ಹೆಸರು ಸಲ್ಲದು.

ನಿಜ ಹೇಳಬೇಕೆಂದರೆ ಫೋಟೋಗಳು ಮೊದಲಿಗಿಂತ ಹೆಚ್ಚು ಅಪಾಯದಲ್ಲಿವೆ. ಕಂಪ್ಯೂಟರ್ ಒಳಗಿನ ಡಿಸ್ಕ್ ಕೂತಲ್ಲೇ ಕೂತಿರುತ್ತದೆ. ಎಕ್ಸ್‌ಟರ್ನಲ್ ಡಿಸ್ಕ್ ಕೈಯಿಂದ ಕೈಗೆ ಓಡಾಡುತ್ತದೆ, ಮೇಜಿನಿಂದ ಬೀಳುತ್ತದೆ, ವೈರಿಗೆ ಮೊಮ್ಮಗಳ ಕಾಲು ಸಿಕ್ಕಿಕೊಳ್ಳುತ್ತದೆ. ಅದರೊಳಗೆ ಕನ್ನಡಿಯಂಥ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗುತ್ತಿರುತ್ತವೆ. ಓದುವ ಮುಳ್ಳು ಆ ತಟ್ಟೆಗೆ ತಾಗದೆ, ಕೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ತಿರುಗುತ್ತಿರುವಾಗ ಒಂದು ಪೆಟ್ಟು ಬಿದ್ದರೆ ಮುಳ್ಳು ತಟ್ಟೆಯನ್ನು ಗೀರುತ್ತದೆ. ಆಮೇಲೆ ಕೇಳಿಸುವುದು ಟಕ್, ಟಕ್ ಎಂಬ ಸದ್ದು. ಆ ಸದ್ದು ಕೇಳಿದ ಕ್ಷಣ ಕೇಬಲ್ ಕಿತ್ತಿಡಿ, ಇನ್ನೊಮ್ಮೆ ಹಾಕಿ ನೋಡೋಣ ಎಂಬ ಆಸೆ ಬೇಡ. ಅಂಥ ಡಿಸ್ಕಿನಿಂದ ಫೈಲ್ ಹೊರತೆಗೆಯುವ ಪರಿಣತರು ಇದ್ದಾರೆ, ಆದರೆ ಅವರ ಬಿಲ್ ಹೊಸ ಡಿಸ್ಕಿನ ಬೆಲೆಯ ಹಲವು ಪಟ್ಟು ಇರುತ್ತದೆ, ಅಷ್ಟು ಕೊಟ್ಟರೂ ಎಲ್ಲ ಸಿಗುತ್ತದೆ ಎಂಬ ಭರವಸೆ ಇಲ್ಲ.

ಡಿ ಡ್ರೈವ್‌ನ ಧೈರ್ಯ ನಿಮಗೊಬ್ಬರಿಗೇ ಅಲ್ಲ, ನಾಡಿಗೆಲ್ಲ ಇದೆ. ನಮ್ಮಲ್ಲಿ ಕಂಪ್ಯೂಟರ್ ಜೋಡಿಸಿಕೊಡುವವರು ಒಂದೇ ಡಿಸ್ಕನ್ನು ಸಿ, ಡಿ, ಇ ಎಂದು ಭಾಗ ಮಾಡಿಕೊಡುವುದು ಹಳೆಯ ರೂಢಿ. ಸಿ ಫಾರ್ಮ್ಯಾಟ್ ಹೊಡೆದರೂ ಡಿ ಉಳಿಯುತ್ತದೆ ಎಂಬ ಮಾತು ಅಲ್ಲಿಂದ ಬಂತು. ವಿಂಡೋಸ್ ಕೆಟ್ಟಾಗ ಅದು ನಿಜವೂ ಹೌದು. ಕೆಟ್ಟದ್ದು ಡಿಸ್ಕೇ ಆದರೆ? ಸೂರಿಗೆ ಬೆಂಕಿ ಬಿದ್ದಾಗ ನಡುಮನೆ, ಉಗ್ರಾಣ ಎಂಬ ಭೇದ ಇರುವುದಿಲ್ಲ. ಸ್ಟಾರ್ಟ್ ಗುಂಡಿಯ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ‘ಡಿಸ್ಕ್ 0’ ಎಂಬ ಒಂದೇ ಸಾಲಿನಲ್ಲಿ ಸಿ ಮತ್ತು ಡಿ ಅಕ್ಕಪಕ್ಕ ಕೂತಿದ್ದರೆ, ನಿಮ್ಮ ಲೇಖನಗಳಿಗೂ ಬ್ಯಾಕಪ್ ಇಲ್ಲ ಎಂದೇ ತಿಳಿಯಿರಿ.

ಆದ್ದರಿಂದ ಮೊದಲ ಕೆಲಸ: ಈಗಿನ ಡಿಸ್ಕನ್ನು ಮುಟ್ಟದೆ ಒಂದು ಕಡೆ ಇಡಿ, ಇನ್ನೊಂದು ಡಿಸ್ಕ್ ಕೊಳ್ಳಿ. 2 ಟಿಬಿಯದ್ದು ಇರಲಿ, ಉಳಿಸಿಡಬೇಕಾದದ್ದರ ಎರಡು ಪಟ್ಟಾದರೂ ಜಾಗ ಬೇಕು. ಸಾಧಾರಣ ಹಾರ್ಡ್ ಡಿಸ್ಕೇ ಸಾಕು. ತಿರುಗುವ ತಟ್ಟೆಗಳಿಲ್ಲದ ಎಸ್‌ಎಸ್‌ಡಿ ವೇಗವಾಗಿದೆ, ಬಿದ್ದರೂ ತಡೆದುಕೊಳ್ಳುತ್ತದೆ, ಆದರೆ ಅದು ಮಾಹಿತಿಯನ್ನು ವಿದ್ಯುದಾವೇಶದ ರೂಪದಲ್ಲಿ ಹಿಡಿದಿಡುವುದರಿಂದ ವರ್ಷಗಟ್ಟಲೆ ಕಪಾಟಿನಲ್ಲಿ ಇಟ್ಟು ಮರೆಯಲು ತಕ್ಕದ್ದಲ್ಲ. ಹೊಸ ಡಿಸ್ಕ್ ಬಂದ ಮೇಲೆ ಎರಡಕ್ಕೂ ಹೆಸರಿಡಿ, ಇಲ್ಲದಿದ್ದರೆ ಯಾವುದು ಯಾವುದೆಂದು ಗೊಂದಲವಾಗಿ ಹೊಸದರ ಮೇಲೆ ಹಳೆಯದನ್ನು ಸುರಿಯುತ್ತೀರಿ. ನಿಮ್ಮ ಸೀಮೆಯ ಹೊಳೆಗಳ ಹೆಸರೇ ಇರಲಿ: ಮಗ ಕೊಟ್ಟದ್ದು ಅಘನಾಶಿನಿ, ಹೊಸದು ಶಾಲ್ಮಲಾ. ಡಿಸ್ಕಿನ ಚಿಹ್ನೆಯ ಮೇಲೆ ಬಲಗುಂಡಿ ಒತ್ತಿ ‘ರಿನೇಮ್’ ಎಂದರಾಯಿತು. ಬೆನ್ನಿಗೆ ಒಂದು ಚೀಟಿಯನ್ನೂ ಅಂಟಿಸಿ.

ಆಮೇಲೆ ಎರಡನ್ನೂ ಕಂಪ್ಯೂಟರ್‌ಗೆ ಸಿಕ್ಕಿಸಿ, ಅಘನಾಶಿನಿಯ ಫೋಟೋಗಳನ್ನು ಶಾಲ್ಮಲಾಕ್ಕೆ ಕಾಪಿ ಮಾಡಿ. ಕಾಪಿ, ಕಟ್ ಅಲ್ಲ! ಸಿಪಿಯುವಿನ ಹಿಂಬದಿಯ ನೀಲಿ ಬಣ್ಣದ ಯುಎಸ್‌ಬಿ ಕಿಂಡಿಗಳನ್ನು ಬಳಸಿ. ಮುಂಬದಿಯ ಕಿಂಡಿಗಳಲ್ಲಿ ಕೆಲವೊಮ್ಮೆ ಕರೆಂಟ್ ಸಾಲದೆ ಡಿಸ್ಕ್ ನಡುವೆ ಕೈಕೊಡುತ್ತದೆ. 300 ಜಿಬಿ ಫೋಟೋ ಇದ್ದರೆ ನೀಲಿ ಕಿಂಡಿಯಲ್ಲಿ ಹೆಚ್ಚು ಕಡಿಮೆ ಒಂದು ಗಂಟೆ, ಹಳೆಯ ಕಪ್ಪು ಕಿಂಡಿಯಲ್ಲಿ ಎರಡೂವರೆ ಗಂಟೆ ಬೇಕಾದೀತು. ಸಣ್ಣ ಸಣ್ಣ ಫೈಲ್ ಸಾವಿರಾರು ಇದ್ದರೆ ಇನ್ನೂ ನಿಧಾನ. ನಿಮ್ಮ ಕಡೆ ಮಳೆಗಾಲದ ಕರೆಂಟನ್ನು ನಂಬಿ ಇಂಥ ಕೆಲಸಕ್ಕೆ ಕೂರಬೇಡಿ. ಇನ್ವರ್ಟರ್ ಅಥವಾ ಯುಪಿಎಸ್ ಇದ್ದರೆ ಸರಿ, ಇಲ್ಲದಿದ್ದರೆ ಬಿಸಿಲಿನ ದಿನ ನೋಡಿ ಮಾಡಿ. ಬರೆಯುತ್ತಿರುವಾಗ ಕರೆಂಟ್ ಹೋದರೆ ಆ ಒಂದು ಫೈಲಷ್ಟೇ ಅಲ್ಲ, ಯಾವ ಫೈಲ್ ಎಲ್ಲಿದೆ ಎಂದು ಹೇಳುವ ಡಿಸ್ಕಿನ ವಿಳಾಸಪಟ್ಟಿಯೇ ಕೆಡಬಹುದು.

ಇಲ್ಲೊಂದು ಎಚ್ಚರಿಕೆ. ಡಿಸ್ಕ್ ಸಿಕ್ಕಿಸಿದಾಗ ‘ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂದು ವಿಂಡೋಸ್ ಇಂಗ್ಲಿಷಿನಲ್ಲಿ ಕೇಳಿದರೆ, ಅದು ಈಗಾಗಲೇ ಫೋಟೋ ತುಂಬಿದ ಡಿಸ್ಕ್ ಆಗಿದ್ದಲ್ಲಿ, ಒಪ್ಪಿಗೆ ಒತ್ತಬೇಡಿ. ವಿಳಾಸಪಟ್ಟಿಯನ್ನು ಓದಲಾಗುತ್ತಿಲ್ಲ ಎಂದಷ್ಟೇ ಅದರ ಅರ್ಥ, ಫೋಟೋಗಳು ಇನ್ನೂ ಒಳಗೇ ಇರುವ ಸಾಧ್ಯತೆ ಹೆಚ್ಚು. ಫಾರ್ಮ್ಯಾಟ್ ಒತ್ತಿದರೆ ಹಿಂದಿರುಗುವ ದಾರಿ ಕಷ್ಟವಾಗುತ್ತದೆ. ಎಷ್ಟೋ ಸಲ ತಪ್ಪು ಕೇಬಲ್‌ನದ್ದೇ ಆಗಿರುತ್ತದೆ. ಈ ಡಿಸ್ಕುಗಳಿಗೆ ಬರುವ, ಎರಡು ತುಂಡು ಸೇರಿಸಿದಂತೆ ಕಾಣುವ ಅಗಲ ಪಿನ್ನಿನ ಕೇಬಲ್ ಬೇಗ ಸಡಿಲವಾಗುತ್ತದೆ. ಮೊದಲು ಬೇರೆ ಕೇಬಲ್ ಹಾಕಿ ನೋಡಿ.

ಫೋಟೋಗಳಿಗೂ ಬರವಣಿಗೆಗೂ ಒಂದೇ ಉಪಚಾರ ಹೊಂದುವುದಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಬಹಳ ಜನ ಎಡವುವುದು ಇಲ್ಲೇ. ಫೋಟೋ ಒಮ್ಮೆ ತೆಗೆದ ಮೇಲೆ ಬದಲಾಗುವುದಿಲ್ಲ. 2014ರ ಮದುವೆಯ ಚಿತ್ರ 2034ರಲ್ಲೂ ಅದೇ. ಅದಕ್ಕೆ ವರ್ಷಕ್ಕೊಂದು ಫೋಲ್ಡರ್ ಮಾಡಿ, ಎರಡೂ ಡಿಸ್ಕಿಗೆ ಕಾಪಿ ಮಾಡಿದರೆ ಮುಗಿಯಿತು, ಮುಂದೆ ಆ ವರ್ಷದ ಫೋಲ್ಡರನ್ನಷ್ಟೇ ನೋಡಿಕೊಂಡರಾಯಿತು. ಅದೇ ಹೆಸರಿನ ಫೈಲ್ ಆಗಲೇ ಇದೆ, ಏನು ಮಾಡಲಿ ಎಂದು ವಿಂಡೋಸ್ ಕೇಳಿದರೆ ‘ಸ್ಕಿಪ್’ ಎನ್ನಿ. ಲೇಖನ ಮತ್ತು ತೋಟದ ಲೆಕ್ಕದ ಸ್ವಭಾವ ಬೇರೆ. ಅವು ದಿನವೂ ಬದಲಾಗುತ್ತವೆ, ಹಾಳಾಗುವುದೂ ಸದ್ದಿಲ್ಲದೆ. ಕೈತಪ್ಪಿ ಮೂರು ಪುಟ ಅಳಿಸಿ ‘ಸೇವ್’ ಒತ್ತಿರುತ್ತೀರಿ, ಆ ವಾರದ ಬ್ಯಾಕಪ್‌ನಲ್ಲಿ ಹಳೆಯ ಒಳ್ಳೆಯ ಪ್ರತಿಯ ಮೇಲೆ ಹೊಸ ಹಾಳು ಪ್ರತಿ ಕೂತಿರುತ್ತದೆ. ಅದಕ್ಕೇ ಬರವಣಿಗೆಗೆ ಹಳೆಯ ಆವೃತ್ತಿಗಳನ್ನೂ ಉಳಿಸುವ ವ್ಯವಸ್ಥೆ ಬೇಕು.

ಅದು ನಿಮ್ಮ ವಿಂಡೋಸ್ 10ರಲ್ಲೇ ಇದೆ, ಹೆಸರು ‘ಫೈಲ್ ಹಿಸ್ಟರಿ’. 2012ರಲ್ಲಿ ವಿಂಡೋಸ್ 8ರ ಜೊತೆ ಬಂದದ್ದು. ಶಾಲ್ಮಲಾವನ್ನು ಸಿಕ್ಕಿಸಿ, ಸೆಟ್ಟಿಂಗ್ಸ್‌ನಲ್ಲಿ ‘ಅಪ್‌ಡೇಟ್ ಅಂಡ್ ಸೆಕ್ಯುರಿಟಿ’, ಅದರೊಳಗೆ ‘ಬ್ಯಾಕಪ್’, ಅಲ್ಲಿ ‘ಆಡ್ ಎ ಡ್ರೈವ್’ ಒತ್ತಿ ಶಾಲ್ಮಲಾವನ್ನು ತೋರಿಸಿ. ನಂತರ ‘ಮೋರ್ ಆಪ್ಷನ್ಸ್’ ತೆರೆಯಿರಿ. ಅದು ತಾನಾಗಿ ಕಾಪಿ ಮಾಡುವುದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮುಂತಾದವನ್ನು ಮಾತ್ರ. ನಿಮ್ಮ ಡಿ ಡ್ರೈವ್‌ನ ಕಡೆಗೆ ಅದು ತಿರುಗಿಯೂ ನೋಡುವುದಿಲ್ಲ! ‘ಆಡ್ ಎ ಫೋಲ್ಡರ್’ ಒತ್ತಿ ಲೇಖನಗಳ ಮತ್ತು ಲೆಕ್ಕದ ಫೋಲ್ಡರ್‌ಗಳನ್ನು ಕೈಯಾರೆ ಸೇರಿಸಬೇಕು. ಲೆಕ್ಕಕ್ಕೆ ಬೇರೆ ಸಾಫ್ಟ್‌ವೇರ್ ಬಳಸುತ್ತಿದ್ದರೆ ಅದು ತನ್ನ ದತ್ತಾಂಶವನ್ನು ಎಲ್ಲಿ ಇಡುತ್ತದೆ ಎಂದು ವಿಚಾರಿಸಿ ಆ ಫೋಲ್ಡರನ್ನೂ ಸೇರಿಸಿ. ಹಳೆಯ ಪ್ರತಿಗಳನ್ನು ಎಷ್ಟು ಕಾಲ ಇಡಬೇಕು ಎಂಬಲ್ಲಿ ಜಾಗ ಬೇಕಾಗುವವರೆಗೆ ಎಂಬ ಆಯ್ಕೆ ಸಾಕು. ಇದು ಫೈಲನ್ನು ಯಾವುದೋ ಗೂಢ ರೂಪಕ್ಕೆ ಮಾರ್ಪಡಿಸುವುದಿಲ್ಲ. ಡಿಸ್ಕಿನಲ್ಲಿ ‘ಫೈಲ್ ಹಿಸ್ಟರಿ’ ಎಂಬ ಫೋಲ್ಡರ್ ತೆರೆದರೆ ನಿಮ್ಮ ಲೇಖನವೇ ಇರುತ್ತದೆ, ಹೆಸರಿನ ಪಕ್ಕದಲ್ಲಿ ಕಾಪಿ ಮಾಡಿದ ದಿನಾಂಕ, ಹೊತ್ತು ಬರೆದಿರುತ್ತದೆ. ಬೇರೆ ಯಾವುದೇ ಕಂಪ್ಯೂಟರ್‌ನಲ್ಲೂ ಅದನ್ನು ತೆರೆಯಬಹುದು. ಇಡೀ ವಿಂಡೋಸನ್ನೇ ಅಚ್ಚೊತ್ತಿದಂತೆ ಪ್ರತಿ ತೆಗೆಯುವ ವಿಧಾನವೂ ಇದೆ, ನಿಮಗೆ ಬೇಡ. ವಿಂಡೋಸ್ ಎಲ್ಲಿಯಾದರೂ ಸಿಗುತ್ತದೆ, ನಿಮ್ಮ ಲೇಖನ ಸಿಗುವುದಿಲ್ಲ.

ನುಡಿಯ ವಿಷಯ ಹೇಳದೆ ಹೋದರೆ ಉತ್ತರ ಅರ್ಧವಾದೀತು. ನೀವು ಹಿಂದೆ ಬರೆದದ್ದು ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳೂ ಒಪ್ಪುವ ಅಕ್ಷರಸಂಕೇತ ಪದ್ಧತಿ) ಅಲ್ಲದ ಹಳೆಯ ನುಡಿಯ ಫಾಂಟ್‌ನಲ್ಲಿ ಎಂದು ಊಹಿಸುತ್ತೇನೆ. ಆ ಕಾಲದ ಕಡತಗಳಲ್ಲಿ ಇರುವುದು ಕನ್ನಡ ಅಕ್ಷರಗಳಲ್ಲ. ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಜಾಗದಲ್ಲಿ ಫಾಂಟ್ ಕನ್ನಡದ ಆಕಾರ ಬರೆದು ತೋರಿಸುತ್ತದೆ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅದೇ ಕಡತ ತೆರೆದರೆ ‘ಕನ್ನಡ’ ಎಂಬ ಪದದ ಹೊಟ್ಟೆಯೊಳಗೆ ಬ್ರಿಟಿಷ್ ಪೌಂಡಿನ ಚಿಹ್ನೆ ಕೂತಿರುತ್ತದೆ. ಫೈಲ್ ಉಳಿದಿದೆ, ಬರಹ ಹೋಗಿದೆ. ಫಾಂಟ್‌ಗಳು ಇರುವುದು ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್ ಒಳಗಿನ ‘ಫಾಂಟ್ಸ್’ನಲ್ಲಿ, ಫೈಲ್ ಹಿಸ್ಟರಿ ಅದನ್ನು ಮುಟ್ಟುವುದಿಲ್ಲ. ನುಡಿ ಎಂದು ಶುರುವಾಗುವ ಫಾಂಟ್‌ಗಳನ್ನೆಲ್ಲ ಒಂದು ಫೋಲ್ಡರ್‌ಗೆ ಕಾಪಿ ಮಾಡಿ, ನುಡಿಯ ಇನ್‌ಸ್ಟಾಲ್ ಫೈಲ್ ಇದ್ದರೆ ಅದನ್ನೂ ಸೇರಿಸಿ ಎರಡೂ ಡಿಸ್ಕಿಗೆ ಹಾಕಿಡಿ. ಬಿಡುವಾದಾಗ ಒಂದೊಂದೇ ಲೇಖನವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಆದರೆ ಪರಿವರ್ತಿಸಿದ ಮೇಲೆ ಓದಿ ನೋಡಿ, ಅರ್ಕಾವತ್ತು, ಒತ್ತಕ್ಷರಗಳ ಕಡೆ ತಪ್ಪು ನುಸುಳುತ್ತದೆ. ಮೂಲವನ್ನು ಅಳಿಸಬೇಡಿ. ಮುಖ್ಯವಾದವುಗಳ ಪಿಡಿಎಫ್ ಕೂಡ ಮಾಡಿಟ್ಟರೆ ಅದರೊಳಗೆ ಫಾಂಟ್ ಸೇರಿಕೊಂಡೇ ಇರುತ್ತದೆ.

ಇನ್ನು ರಿಪೇರಿಯವರ ಮಾತು. ಡಿಸ್ಕನ್ನು ಸದಾ ಸಿಕ್ಕಿಸಿ ಇಡುವುದು ಸಲ್ಲದು. ಒಂದು, ನಿಮ್ಮ ಕಡೆಯ ಗುಡುಗು ಸಿಡಿಲು. ವೈರಿನಲ್ಲಿ ಬಂದ ಹೊಡೆತ ಕಂಪ್ಯೂಟರ್‌ಗೆ ತಾಗಿದರೆ ಅದಕ್ಕೆ ಸಿಕ್ಕಿಸಿದ ಡಿಸ್ಕಿಗೂ ತಾಗುತ್ತದೆ. ಇನ್ನೊಂದು, ಫೈಲ್‌ಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬುದು ಜಗತ್ತಿನ ತುಂಬ ಹರಡಿದ್ದು ನೆನಪಿರಬಹುದು. ಈ ಜಾತಿಯವು ಕಂಪ್ಯೂಟರ್ ಒಳಗಿನದ್ದಕ್ಕೆ ಮಾತ್ರ ಬೀಗ ಹಾಕಿ ಸುಮ್ಮನಾಗುವುದಿಲ್ಲ, ಸಿಕ್ಕಿಸಿಟ್ಟ ಡಿಸ್ಕಿಗೂ ಕೈ ಹಾಕುತ್ತವೆ. ನಿಮ್ಮ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿರುವುದರಿಂದ ಈ ಭಯ ನಿಮಗೆ ಸ್ವಲ್ಪ ಹೆಚ್ಚೇ ಇರಬೇಕು. ವಾರಕ್ಕೊಮ್ಮೆ ಸಿಕ್ಕಿಸಿ ‘ಬ್ಯಾಕ್ ಅಪ್ ನೌ’ ಒತ್ತಿ, ಮುಗಿದ ಮೇಲೆ ಗಡಿಯಾರದ ಹತ್ತಿರದ ಚಿಹ್ನೆಯಿಂದ ‘ಇಜೆಕ್ಟ್’ ಮಾಡಿ, ದೀಪ ಆರಿ ಒಳಗಿನ ಸದ್ದು ನಿಂತ ಮೇಲೆ ಕಿತ್ತು ಎತ್ತಿಡಿ. ಭಾನುವಾರದ ಪುರವಣಿ ಓದುವ ಹೊತ್ತಿನಲ್ಲಿ ಅದರ ಕೆಲಸ ಮುಗಿದಿರುತ್ತದೆ.

ನನಗೆ ಮರೆಯಲಾಗದ ಒಂದು ಸಂಗತಿ. ಪರಿಚಯದ ಅಂಗಡಿಯವರೊಬ್ಬರು ಪ್ರತಿ ಶನಿವಾರ ತಪ್ಪದೆ ಪೆನ್ ಡ್ರೈವ್‌ಗೆ ಬ್ಯಾಕಪ್ ತೆಗೆಯುತ್ತಿದ್ದರು. ಕಂಪ್ಯೂಟರ್ ಕೆಟ್ಟ ದಿನ ಗಾಬರಿಯೇ ಇಲ್ಲದೆ ಪೆನ್ ಡ್ರೈವ್ ನನ್ನ ಕೈಗೆ ಕೊಟ್ಟರು. ತೆರೆದು ನೋಡಿದರೆ ‘ಲೆಕ್ಕ’ ಎಂಬ ಒಂದೇ ಚಿಹ್ನೆ, ಅದರ ಎಡಗಡೆಯ ಕೆಳಮೂಲೆಯಲ್ಲಿ ಸಣ್ಣ ಬಾಣ, ಗಾತ್ರ 2 ಕೆಬಿ. ಅವರು ಅಷ್ಟು ಕಾಲ ಕಾಪಿ ಮಾಡಿದ್ದು ಡೆಸ್ಕ್‌ಟಾಪ್‌ನ ಮೇಲಿನ ಶಾರ್ಟ್‌ಕಟ್ಟನ್ನು. ಮನೆಯ ಬದಲು ಮನೆಯ ವಿಳಾಸದ ಚೀಟಿಯನ್ನು. ಆ ಚೀಟಿ ಹೇಳುತ್ತಿದ್ದ ವಿಳಾಸ ಸತ್ತುಹೋದ ಡಿಸ್ಕಿನದ್ದು. ‘ಪ್ರತಿ ವಾರ ಮಾಡಿದ್ದೆನಲ್ಲ’ ಎಂದು ಅವರು ಮತ್ತೆ ಮತ್ತೆ ಹೇಳುತ್ತಿದ್ದರು, ನನಗೆ ಉತ್ತರ ತೋಚಲಿಲ್ಲ.

ಬಲ್ಲವರಿಗೂ ಇದು ಆಗುತ್ತದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಾಫ್ಟ್‌ವೇರ್ ಕಂಪನಿಯಲ್ಲಿ ಎಂಜಿನಿಯರ್ ಒಬ್ಬರು ತಪ್ಪಿ ಮುಖ್ಯ ದತ್ತಾಂಶವನ್ನೇ ಅಳಿಸಿದರು. ಬ್ಯಾಕಪ್ ವ್ಯವಸ್ಥೆಗಳು ಹಲವು ಇದ್ದವು. ಹುಡುಕಿದರೆ ಒಂದೂ ನೆಚ್ಚುವಂತಿರಲಿಲ್ಲ. ಅದೃಷ್ಟಕ್ಕೆ ಆರು ಗಂಟೆ ಹಿಂದೆ ಬೇರೆ ಕಾರಣಕ್ಕೆ ತೆಗೆದ ಒಂದು ಪ್ರತಿ ಸಿಕ್ಕಿತು.

ಆದ್ದರಿಂದ ತೆರೆದು ನೋಡಿ. ಕಾಪಿ ಮುಗಿದ ಮೇಲೆ ಎರಡೂ ಕಡೆಯ ಫೋಲ್ಡರ್ ಮೇಲೆ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ನೋಡಿ: ಅಘನಾಶಿನಿಯಲ್ಲಿ 18,642 ಫೈಲ್ ಇದ್ದರೆ ಶಾಲ್ಮಲಾದಲ್ಲೂ 18,642 ಇರಬೇಕು, ಬೈಟ್‌ಗಳ ಸಂಖ್ಯೆ ಕೊನೆಯ ಅಂಕಿಯವರೆಗೂ ಹೊಂದಬೇಕು. ಆಮೇಲೆ ಶಾಲ್ಮಲಾವನ್ನು ಪಕ್ಕದ ಮನೆಯವರ ಅಥವಾ ಅಳಿಯನ ಲ್ಯಾಪ್‌ಟಾಪ್‌ಗೆ ಹಾಕಿ ಹತ್ತು ಫೈಲ್ ತೆರೆಯಿರಿ. ತೀರಾ ಹಳೆಯದೊಂದು, ನಿನ್ನೆಯದೊಂದು, ನುಡಿಯದೊಂದು ಇರಲಿ, ಮದುವೆಯ ವಿಡಿಯೋ ಇದ್ದರೆ ಕೊನೆಯ ನಿಮಿಷಕ್ಕೆ ಎಳೆದು ನೋಡಿ. ವರ್ಷಕ್ಕೆ ಎರಡು ಸಲ ಇಷ್ಟು ಮಾಡಿ.

ಎರಡೂ ಡಿಸ್ಕ್ ಒಂದೇ ಕಪಾಟಿನಲ್ಲಿ ಇದ್ದರೆ ಕಳ್ಳನಿಗೂ ಬೆಂಕಿಗೂ ಅನುಕೂಲ. ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಮನೆಯಿಂದ ಹೊರಗೆ ಎಂಬುದು ಈ ಕಸುಬಿನವರ ಲೆಕ್ಕ. ಲೇಖನಗಳ ಗಾತ್ರ ಸಣ್ಣದು, ಗೂಗಲ್ ಖಾತೆಯೊಂದಿಗೆ ಉಚಿತವಾಗಿ ಸಿಗುವ 15 ಜಿಬಿಯಲ್ಲಿ ಹಾಯಾಗಿ ಕೂರುತ್ತವೆ. ಫೋಟೋಗಳಿಗೆ, ಕೈಯಲ್ಲಿ ದುಡ್ಡಾದಾಗ ಮೂರನೆಯ ಡಿಸ್ಕ್ ಕೊಂಡು ಮಗನ ಮನೆಯಲ್ಲಿಡಿ. ಅವನು ಹೇಗೂ ಯುಗಾದಿಗೋ ದೀಪಾವಳಿಗೋ ಊರಿಗೆ ಬರುತ್ತಾನಲ್ಲ, ಬರುವಾಗ ಅದನ್ನು ತರಲಿ, ಹೋಗುವಾಗ ಶಾಲ್ಮಲಾವನ್ನು ಒಯ್ಯಲಿ. ಬಂದದ್ದಕ್ಕೆ ಅದೇ ದಿನ ಹೊಸ ಫೋಟೋ ಸೇರಿಸಿ, ‘ಬ್ಯಾಕಪ್’ ಪುಟದಲ್ಲಿ ಹಳೆಯ ಡ್ರೈವ್ ಬದಲು ಇದನ್ನು ತೋರಿಸಿ. ಡಿಸ್ಕಿಗೆ ಪಾಸ್‌ವರ್ಡ್ ಬೀಗ ಬೇಕೆ ಎಂದು ಮಗ ಕೇಳಬಹುದು. ನನ್ನ ಮಾತು ಕೇಳುವುದಾದರೆ, ಫೋಟೋಗಳಿಗೆ ಬೇಡ. ಮರೆತ ಪಾಸ್‌ವರ್ಡಿನಿಂದ ಕಳೆದುಹೋದ ಮನೆ ಫೋಟೋಗಳನ್ನು ನಾನು ಕಂಡಿದ್ದೇನೆ, ಕದ್ದ ಮನೆ ಫೋಟೋಗಳನ್ನು ಕಂಡಿಲ್ಲ. ಆಧಾರ್, ಪ್ಯಾನ್, ಬ್ಯಾಂಕ್ ಕಾಗದದ ಸ್ಕ್ಯಾನ್‌ಗಳನ್ನು ಮಾತ್ರ 7-ಜಿಪ್‌ನಂಥ ಉಚಿತ ತಂತ್ರಾಂಶದಿಂದ ಪಾಸ್‌ವರ್ಡ್ ಹಾಕಿ ಕಟ್ಟಿಡಿ, ಪಾಸ್‌ವರ್ಡನ್ನು ಡೈರಿಯಲ್ಲಿ ಬರೆದು ಮನೆಯವರಿಗೆ ತೋರಿಸಿಡಿ.

ಮನೆಯಲ್ಲಿರುವ ಡಿಸ್ಕನ್ನು ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ, ಔಷಧದ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಅಟ್ಟದ ಮೇಲೆ, ಒಲೆಯ ಹೊಗೆ ತಾಗುವಲ್ಲಿ ಬೇಡ. ಐದು ವರ್ಷ ದಾಟಿದ ಡಿಸ್ಕನ್ನು, ಅದು ಎಷ್ಟೇ ಗಟ್ಟಿಯಾಗಿ ಕಂಡರೂ, ನಾನು ಏಕೈಕ ಪ್ರತಿಗೆ ನಂಬುವುದಿಲ್ಲ.

ಸಿಡಿಗಳನ್ನು ಈ ಮಳೆಗಾಲಕ್ಕೆ ಮೊದಲೇ ತೆಗೆಯಿರಿ. ಮಲೆನಾಡಿನ ತೇವಕ್ಕೆ ಅವುಗಳ ಮೇಲೂ ಬೂಷ್ಟು ಬರುತ್ತದೆ, ಮನೆಯಲ್ಲಿ ಬರೆದ ಸಿಡಿಯ ಬಣ್ಣದ ಪದರ ತಾನಾಗಿಯೂ ಮಾಸುತ್ತದೆ. ಮೃದುವಾದ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಗುಂಡಗೆ ತಿಕ್ಕಬೇಡಿ. ಒಂದು ಡ್ರೈವ್‌ನಲ್ಲಿ ಓದದ ಸಿಡಿ ಇನ್ನೊಂದರಲ್ಲಿ ಓದಬಹುದು, ಆದ್ದರಿಂದ ಮೊದಲ ಸಲಕ್ಕೇ ಬಿಸಾಡಬೇಡಿ, ಪಕ್ಕದ ಮನೆಯ ಹಳೆಯ ಲ್ಯಾಪ್‌ಟಾಪ್‌ನಲ್ಲೂ ಹಾಕಿ ನೋಡಿ. ಓದಿದ್ದನ್ನು ಆಯಾ ವರ್ಷದ ಫೋಲ್ಡರ್‌ಗೆ ಸೇರಿಸಿ, ಅಘನಾಶಿನಿಗೂ ಶಾಲ್ಮಲಾಕ್ಕೂ.